ಕೆಂಪಿನಲ್ಲಿ ಬರೆದ ಹೆಸರು

ಮೆದಾನ್, 9 ಸೆಪ್ಟೆಂಬರ್ 2007

ಮಾನ್ಯ ಯೀಪ್ ಗಾಯಿಕ್ ಸಿಮ್ ಅವರಿಗೆ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ಹೆಸರು ಹೆಂದ್ರಾ ಯಾಪಾರಿ. ಮೆದಾನ್‌ನಲ್ಲಿ ಒಂದು ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಬಿಡುವಿನಲ್ಲಿ ಯೀಪ್ ಮನೆತನದವರ ವಂಶಾವಳಿ ಹುಡುಕುವ ಹುಚ್ಚು. ನನ್ನ ಹೆಂಡತಿ ಇದಕ್ಕೆ "ಸತ್ತೋರ ಚಾಕರಿ" ಎಂದು ಹೆಸರಿಟ್ಟಿದ್ದಾಳೆ.

ಇಂಟರ್ನೆಟ್ಟಿನಲ್ಲಿ ನಿಮ್ಮ ವಂಶವೃಕ್ಷದ ಪುಟ ನೋಡಿದೆ. ಅಂಚೆಯಲ್ಲಿ ಬಂದ ಪತ್ರಕ್ಕೆ ಮಾತ್ರ ಉತ್ತರ ಎಂದು ಅದರಲ್ಲಿ ಬರೆದಿದ್ದೀರಿ, ಆದ್ದರಿಂದ ಈ ಕಾಗದ. ನಿಮ್ಮ ತಂದೆ ಯೀಪ್ ಚೆಂಗ್ ಹೋ ಅವರ ಸಮಾಧಿಯ ಫೋಟೋ ಹಾಕಿದ್ದೀರಿ. ಕಲ್ಲಿನ ನಡುವೆ ಅವರ ಹೆಸರು, ಎಡಕ್ಕೆ ನಿಮ್ಮ ತಾಯಿಯ ಹೆಸರು, ಬಲಕ್ಕೆ ಎರಡನೆಯ ಹೆಂಡತಿ ಆಂಗ್ ಸ್ವೀ ಖೆಂಗ್ ಅವರ ಹೆಸರು. ಈ ಎರಡನೆಯವರು ನಮ್ಮ ಊರಿನವರು. ಅವರ ಹೆಸರಿನ ಕೆಳಗೆ ನಿಮ್ಮ ಪುಟದಲ್ಲಿ "ಮರಣ: ಮೆದಾನ್, 1965" ಎಂದಿದೆ.

ಎರಡು ಪ್ರಶ್ನೆ ಕೇಳಲು ಅಪ್ಪಣೆ ಬೇಡುತ್ತೇನೆ. ಆ ಮರಣಕ್ಕೆ ಆಧಾರ ಏನು? ಫೋಟೋ ಕಪ್ಪುಬಿಳುಪಿನದು. ಕಲ್ಲಿನ ಮೇಲೆ ಆ ಹೆಸರಿಗೆ ಯಾವ ಬಣ್ಣ ತುಂಬಿದ್ದಾರೆ? ನಮ್ಮಲ್ಲಿ ಸತ್ತವರ ಹೆಸರಿಗೆ ಚಿನ್ನದ ಬಣ್ಣ, ಮುಂದೆ ಅಲ್ಲಿ ಮಲಗಬೇಕಾದ, ಇನ್ನೂ ಬದುಕಿರುವವರ ಹೆಸರಿಗೆ ಕೆಂಪು. ನಿಮ್ಮಲ್ಲೂ ಹಾಗೇ ಇರಬೇಕು.

ವಿನೀತ,
ಹೆಂದ್ರಾ ಯಾಪಾರಿ

*

ಪೆನಾಂಗ್, 25 ಸೆಪ್ಟೆಂಬರ್ 2007

ಶ್ರೀ ಯಾಪಾರಿ ಅವರಿಗೆ,

ಪತ್ರ ತಲುಪಿತು. ನಿಮ್ಮ ಹೆಸರಿನಲ್ಲಿ ಯೀಪ್ ಎಲ್ಲೂ ಕಾಣಲಿಲ್ಲ. ನಿಮ್ಮ ದೇಶದ ಸರ್ಕಾರ ಒಂದು ಕಾಲದಲ್ಲಿ ನಮ್ಮಂಥ ಚೀನೀಯರೆಲ್ಲರ ಹೆಸರು ಬದಲಾಯಿಸಿತು ಎಂದು ಬಲ್ಲೆ. ಆದರೂ ಅಪರಿಚಿತರು ಮೊದಲ ಪತ್ರದಲ್ಲಿ ತಾವು ಯಾರ ಮಗ, ಯಾರ ಮೊಮ್ಮಗ ಎಂದು ಹೇಳಿಕೊಳ್ಳುವುದು ಮರ್ಯಾದೆ. ನೀವು ಹೆಂಡತಿಯ ತಮಾಷೆ ಹೇಳಿದ್ದೀರಿ, ತಂದೆಯ ಹೆಸರು ಹೇಳಿಲ್ಲ.

ನಾನು ಮೂವತ್ತು ವರ್ಷ ಹುಡುಗಿಯರ ಶಾಲೆಯಲ್ಲಿ ಪಾಠ ಮಾಡಿದವಳು. ನಕಲು ಹೊಡೆಯುವವರ ಮುಖ ದೂರದಿಂದಲೇ ಗುರುತು ಹಿಡಿಯುತ್ತೇನೆ. ಸಿಂಗಪುರದ ಒಬ್ಬ ಮಹಾನುಭಾವರು ನನ್ನ ಇಡೀ ವಂಶವೃಕ್ಷವನ್ನು "ನೋಡಿ ಕೊಡ್ತೀನಿ ಮೇಡಂ" ಎಂದು ತರಿಸಿಕೊಂಡು, ಮುಂದಿನ ವರ್ಷ ತಮ್ಮ ಫೋಟೋ ಹಾಕಿ ಅಚ್ಚು ಹಾಕಿಸಿದರು. ನಾನು ಮಾಡಿದ್ದ ಒಂದು ತಪ್ಪು ಕೂಡ ಅದರಲ್ಲಿ ಸುಖವಾಗಿ ಕೂತಿತ್ತು. ಅಂದಿನಿಂದ ನನ್ನ ನಿಯಮ ಗಟ್ಟಿ. ಮಿಂಚಂಚೆ ಇಲ್ಲ, ಏಕೆಂದರೆ ಅದನ್ನು ಒಂದು ಬೆರಳಿನಲ್ಲಿ ಊರಿಗೆಲ್ಲ ಹಂಚಬಹುದು. ಕೈಯಲ್ಲಿ ಬರೆದದ್ದನ್ನು ಕದಿಯುವವನು ಕೈ ನೋಯಿಸಿಕೊಂಡಾದರೂ ಕದಿಯಲಿ. ನಾನು ಒಂದು ತಲೆಮಾರು ಕೊಟ್ಟರೆ ನೀವೂ ಒಂದು ತಲೆಮಾರು ಕೊಡಬೇಕು. ಒಬ್ಬರ ಬಾಯಿಮಾತನ್ನು ಆಧಾರವೆಂದು ನಾನು ಒಪ್ಪುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಬದುಕಿರುವವರ ಹೆಸರನ್ನು ಯಾರ ಕಣ್ಣಿಗೂ ಬೀಳಿಸಬಾರದು. ನನ್ನ ಪುಟದಲ್ಲಿ ಬದುಕಿರುವವರ ಜಾಗದಲ್ಲಿ "ಜೀವಂತ" ಎಂಬ ಒಂದೇ ಮಾತಿದೆ ಎಂಬುದನ್ನು ಗಮನಿಸಿರಬೇಕು.

ನಿಮ್ಮ ಪ್ರಶ್ನೆಗೆ: ಆ ಹೆಂಗಸು ತೀರಿಹೋದ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬಣ್ಣದ ಉಸಾಬರಿ ನಿಮಗೇಕೆ ಎಂದು ತಿಳಿಯಲಿಲ್ಲ.

ಇಂತಿ,
ಯೀಪ್ ಗಾಯಿಕ್ ಸಿಮ್

*

ಮೆದಾನ್, 12 ಅಕ್ಟೋಬರ್ 2007

ಮಾನ್ಯ ಟೀಚರ್ ಅವರಿಗೆ,

ಬೈಸಿಕೊಂಡೆ, ತೃಪ್ತಿಯಾಯಿತು. ಶಾಲೆ ಬಿಟ್ಟ ಮೇಲೆ ಇಷ್ಟು ಚೆನ್ನಾಗಿ ಯಾರೂ ಬೈದಿರಲಿಲ್ಲ.

ನನ್ನ ತಂದೆ ಯೀಪ್ ಮನೆತನದವರು, ವ್ಯಾಪಾರಿ, ನಾನು ಚಿಕ್ಕವನಿದ್ದಾಗಲೇ ತೀರಿಕೊಂಡರು. ಸದ್ಯಕ್ಕೆ ಇಷ್ಟು ಸಾಕು ಎಂದುಕೊಳ್ಳಿ. ನಿಮ್ಮ ನಿಯಮದಂತೆ ಒಂದು ತಲೆಮಾರಿಗೆ ಒಂದು ತಲೆಮಾರು. ನೀವು ನಿಮ್ಮ ತಂದೆಯ ಒಡಹುಟ್ಟಿದವರ ಹೆಸರು ಕಳಿಸಿದರೆ, ಆಂಗ್ ಸ್ವೀ ಖೆಂಗ್ ಅವರ ತವರಿನ ಕಡೆಯ ತಲೆಮಾರನ್ನು ನಾನು ಕಳಿಸುತ್ತೇನೆ. ಅದು ನಿಮ್ಮ ಪುಟದಲ್ಲಿಲ್ಲ.

ಒಂದು ಸಣ್ಣ ಮಾತು. ಒಬ್ಬರ ಬಾಯಿಮಾತು ಆಧಾರವಲ್ಲ ಎಂದು ಬರೆದವರೂ ನೀವೇ, ಆ ಮರಣ ಮನೆಯಲ್ಲಿ ಎಲ್ಲರಿಗೂ ಗೊತ್ತು ಎಂದು ಬರೆದವರೂ ನೀವೇ. ಎರಡೂ ಒಂದೇ ಹಾಳೆಯಲ್ಲಿವೆ. ಹಾಗೆಯೇ ಬಣ್ಣದ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ. ಕನ್ನಡಕ ಮಾರುವವನು ನಾನು, ಬೇಕೆಂದೇ ನೋಡದೆ ಇರುವವರು ನನಗೆ ಹೊಸಬರಲ್ಲ. ತಪ್ಪು ತಿಳಿಯಬೇಡಿ.

ವಿನೀತ,
ಹೆಂದ್ರಾ

*

ಪೆನಾಂಗ್, 30 ಅಕ್ಟೋಬರ್ 2007

ಶ್ರೀ ಯಾಪಾರಿ ಅವರಿಗೆ,

ತಪ್ಪು ತಿಳಿದೆ. ಆದರೂ ಕೊಟ್ಟ ಮಾತಿಗೆ ತಪ್ಪುವವಳಲ್ಲ. ನನ್ನ ತಂದೆಗೆ ಇಬ್ಬರು ತಮ್ಮಂದಿರು. ಮೊದಲನೆಯವರು ಚೆಂಗ್ ಲಾಕ್, ಎರಡನೆಯವರು ಚೆಂಗ್ ಪೊ. ಚೆಂಗ್ ಪೊ ಹುಡುಗನಾಗಿದ್ದಾಗಲೇ ಸಮುದ್ರದಲ್ಲಿ ಮುಳುಗಿ ಹೋದರು. ಇದನ್ನು ನನ್ನ ಅನುಮತಿ ಇಲ್ಲದೆ ಎಲ್ಲೂ ಹಾಕಬಾರದು. ಹಾಕಿದರೆ ನನಗೆ ಗೊತ್ತಾಗುತ್ತದೆ, ಹೇಗೆ ಎಂದು ಕೇಳಬೇಡಿ.

ಸಮಾಧಿಯ ಬಗ್ಗೆ ನಿಮಗಿರುವ ಆಸೆ ನನಗೆ ಅರ್ಥವಾಗುತ್ತಿಲ್ಲ, ಅರ್ಥವಾದಷ್ಟೂ ಹಿಡಿಸುತ್ತಿಲ್ಲ. ಬಣ್ಣದ ಫೋಟೋ ಕಳಿಸಿ ಪ್ರಯೋಜನವೂ ಇಲ್ಲ. ಬರುವ ಚೆಂಗ್ ಬೆಂಗ್ ದಿನ ನಾವೆಲ್ಲ ಸಮಾಧಿ ತೊಳೆದು ಪೂಜೆ ಮಾಡುವುದರೊಳಗೆ ಆ ಕಲ್ಲಿನಲ್ಲಿ ಒಂದು ಹೆಸರನ್ನು ಉಜ್ಜಿ ತೆಗೆಸಲಿದ್ದೇನೆ. ಕಲ್ಲುಕುಟಿಗನಿಗೆ ಹೇಳಿಯಾಗಿದೆ. ಅಪ್ಪನ ಬಲಗಡೆಯ ಜಾಗ ನಾಲ್ಕು ದಶಕಗಳಿಂದ ಖಾಲಿ ಇದೆ. ಯಾರಿಗಾಗಿ ಬಿಟ್ಟಿದ್ದರೋ ಅವರು ಸಮುದ್ರದ ಆಚೆ ಸತ್ತುಹೋದರು. ಈಗ ಅದು ಪ್ರತಿ ವರ್ಷ ಅಲ್ಲಿ ಹೋಗಿ ಹುಲ್ಲು ಕಿತ್ತು, ಕಸ ಗುಡಿಸಿ, ಊದುಬತ್ತಿ ಹಚ್ಚಿದ ಮನೆಯವರೊಬ್ಬರಿಗೆ ಸೇರುತ್ತದೆ. ಅವರಿಗೆ ಬೇರೆ ಜಾಗವಿಲ್ಲ.

ಇನ್ನು ನಿಮ್ಮ ಸರದಿ. ಆಂಗ್ ಮನೆಯ ತಲೆಮಾರು ಕಳಿಸಿ.

ಇಂತಿ,
ಯೀಪ್ ಗಾಯಿಕ್ ಸಿಮ್

*

ಮೆದಾನ್, 14 ನವೆಂಬರ್ 2007

ಮಾನ್ಯ ಟೀಚರ್ ಅವರಿಗೆ,

ದಯವಿಟ್ಟು ಕಲ್ಲಿಗೆ ಉಳಿ ತಾಗಿಸಬೇಡಿ. ಕೈಮುಗಿದು ಕೇಳುತ್ತೇನೆ. ಹೆಸರು ತೆಗೆಸುವ ಮೊದಲು ಆಧಾರ ನೋಡಬೇಕು ಎಂಬುದು ನಿಮ್ಮಂಥವರಿಗೆ ನಾನು ಹೇಳಿಕೊಡುವ ಪಾಠವಲ್ಲ.

ಆಂಗ್ ಮನೆಯ ತಲೆಮಾರನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನಿಮ್ಮ ಚೆಂಗ್ ಪೊ ಮಾತ್ರ ಎಲ್ಲೋ ತಪ್ಪಿ ಬಂದಿರಬೇಕು. ನಿಮ್ಮ ತಂದೆಗೆ ಇದ್ದದ್ದು ಒಬ್ಬನೇ ತಮ್ಮ, ಚೆಂಗ್ ಲಾಕ್. ಬಾತುಕೋಳಿ ಮೊಟ್ಟೆ ತಿಂದರೆ ಅವರ ಮೈಯೆಲ್ಲ ದದ್ದು ಏಳುತ್ತಿತ್ತು, ಆದರೂ ಕದ್ದು ತಿನ್ನುತ್ತಿದ್ದರು. ಮುಳುಗಿ ಸತ್ತವರು ಆ ಮನೆಯಲ್ಲಿ ಯಾರೂ ಇಲ್ಲ.

ವಿನೀತ,
ಹೆಂದ್ರಾ

*

ಪೆನಾಂಗ್, 24 ನವೆಂಬರ್ 2007

ಯಾಪಾರಿ,

ಚೆಂಗ್ ಪೊ ಎಂಬುವರು ಹುಟ್ಟಲೇ ಇಲ್ಲ. ನಾನೇ ಸೃಷ್ಟಿಸಿದ ಚಿಕ್ಕಪ್ಪ ಅವರು. ನನ್ನಿಂದ ವಂಶಾವಳಿ ಕೇಳುವವರಿಗೆಲ್ಲ ಇಂಥ ಒಬ್ಬರನ್ನು ಸೇರಿಸಿ ಕೊಡುತ್ತೇನೆ. ಆಮೇಲೆ ಯಾವ ಪುಟದಲ್ಲಿ ಆ ಹೆಸರು ತಲೆಯೆತ್ತುತ್ತದೋ ಅವನೇ ಕಳ್ಳ. ಆರು ಜನರಿಗೆ ಕೊಟ್ಟಿದ್ದೇನೆ, ಒಬ್ಬರಾದರೂ ಇಂಥವರು ಇರಲಿಲ್ಲ ಎಂದು ತಿರುಗಿ ಬರೆದದ್ದಿಲ್ಲ.

ಚೆಂಗ್ ಲಾಕ್ ಚಿಕ್ಕಪ್ಪನ ಮೊಟ್ಟೆಯ ಕಥೆ ಯಾವ ಕಲ್ಲಿನ ಮೇಲೂ ಕೆತ್ತಿಲ್ಲ, ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಅದು ನಮ್ಮ ಅಡುಗೆಮನೆಯ ಮಾತು. ಅದನ್ನು ಬಲ್ಲವರಲ್ಲಿ ಈಗ ಬದುಕಿರುವುದು ನಾನೊಬ್ಬಳೇ.

ನಿನಗೆ ಯಾರು ಹೇಳಿದರು? ಯಾರ ಮಗ ನೀನು? ಉತ್ತರ ಬರುವ ತನಕ ನನ್ನಿಂದ ಒಂದು ಅಕ್ಷರವೂ ಬರುವುದಿಲ್ಲ.

ಗಾಯಿಕ್ ಸಿಮ್

*

ಮೆದಾನ್, 5 ಡಿಸೆಂಬರ್ 2007

ಮಾನ್ಯ ಟೀಚರ್ ಅವರಿಗೆ,

ಸಿಕ್ಕಿಬಿದ್ದೆ. ನಿಮ್ಮ ಪತ್ರವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಚೆಂಗ್ ಪೊ ಎಂದದ್ದೇ ತಡ, ಅವಳು ಬಟಾಣಿ ಸುಲಿಯುವುದನ್ನು ಬಿಟ್ಟು "ಯಾವನವನು? ಆ ಮನೇಲಿ ಅಂಥೋನು ಯಾರೂ ಇರ್ಲಿಲ್ಲ! ಇದ್ದೋನು ಲಾಕ್ ಒಬ್ನೇ, ಆ ಮೊಟ್ಟೆ ಕಳ್ಳ!" ಎಂದು ಕೂಗಿದಳು. ಅವಳು ಹೇಳಿದ್ದನ್ನು ಹಾಗೇ ಬರೆದುಬಿಟ್ಟೆ. ಪತ್ರ ಡಬ್ಬಿಗೆ ಹಾಕಿದ ಮೇಲೆ ತಲೆಗೆ ಹೊಳೆಯಿತು.

ನನ್ನ ಅಮ್ಮನ ಹೆಸರು ಆಂಗ್ ಸ್ವೀ ಖೆಂಗ್. ಎಂಬತ್ತೊಂದು ವರ್ಷ. ಮಂಡಿ ನೋವು ಬಿಟ್ಟರೆ ಚೆನ್ನಾಗಿದ್ದಾಳೆ. ನನಗೆ ಅಪ್ಪ ಇಟ್ಟ ಹೆಸರು ಯೀಪ್ ಎಂಗ್ ಸಿಯಾಂಗ್. ನಿಮ್ಮ ಪುಟದಲ್ಲಿರುವ, ತೀರಿಹೋದ ನಿಮ್ಮ ತಮ್ಮನ ಹೆಸರಿನಲ್ಲೂ ಅದೇ "ಎಂಗ್" ಇದೆ, ಒಂದು ತಲೆಮಾರಿನ ಗಂಡುಮಕ್ಕಳಿಗೆಲ್ಲ ಒಂದೇ ನಡುಹೆಸರು ಇಡುವುದು ನಮ್ಮ ಪದ್ಧತಿಯಲ್ಲವೇ. ಕಲ್ಲಿನ ಮೇಲೆ ಗಂಡುಮಕ್ಕಳ ಸಾಲಿನಲ್ಲಿ ನನ್ನ ಹೆಸರಿಲ್ಲ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ.

ಅಪ್ಪ ವ್ಯಾಪಾರಕ್ಕೆಂದು ಎರಡೂ ಊರಿಗೆ ಓಡಾಡುತ್ತಿದ್ದರು. ಅರವತ್ತರ ದಶಕದಲ್ಲಿ ನಿಮ್ಮ ದೇಶ, ನಮ್ಮ ದೇಶ, ಎರಡು ಸರ್ಕಾರಗಳ ಜಗಳದಲ್ಲಿ ಹಡಗು ನಿಂತಿತು, ಅಂಚೆ ನಿಂತಿತು. ಅಪ್ಪ ತೀರಿಕೊಂಡದ್ದು ನಮಗೆ ಗೊತ್ತಾದದ್ದೇ ಎರಡು ವರ್ಷದ ಮೇಲೆ. "ನಿಂಗೂ ನನ್ನ ಪಕ್ಕ ಜಾಗ ಇಟ್ಟಿದೀನಿ" ಎಂದು ಅವರು ಹೇಳಿದ್ದನ್ನು ಅಮ್ಮ ಇವತ್ತಿಗೂ ನೆಚ್ಚಿಕೊಂಡಿದ್ದಾಳೆ. ನಿಮ್ಮ ಪುಟದಲ್ಲಿ "ಮರಣ" ಎಂದು ನೋಡಿದಾಗ ನನಗೆ ಬಂದ ಅನುಮಾನವನ್ನು ಮುಚ್ಚಿಡುವುದಿಲ್ಲ. ಆ ಜಾಗಕ್ಕಾಗಿ ಬೇಕೆಂದೇ ಅವಳನ್ನು ಸಾಯಿಸಿದ್ದೀರಿ ಎಂದುಕೊಂಡೆ. ಮೊದಲ ಪತ್ರದಲ್ಲೇ ಮಗ ಎಂದಿದ್ದರೆ ನೀವು ಬಾಗಿಲು ಹಾಕಿ, ಮಾರನೆಯ ದಿನವೇ ಉಳಿ ಹಿಡಿಸುತ್ತಿದ್ದಿರಿ. ನೀವು ಒಬ್ಬ ಚಿಕ್ಕಪ್ಪನನ್ನು ಕಟ್ಟಿದ ಹಾಗೆ ನಾನೂ ಒಬ್ಬ ಹವ್ಯಾಸಿಯನ್ನು ಕಟ್ಟಿದೆ.

ಬದುಕಿರುವವರ ಹೆಸರನ್ನು ಯಾರ ಕಣ್ಣಿಗೂ ಬೀಳಿಸಬಾರದು ಎಂದು ನೀವು ಬರೆದಿರಿ. ನನ್ನ ಅಮ್ಮನ ಹೆಸರು ಜಗತ್ತಿಗೆಲ್ಲ ಕಾಣುವ ಹಾಗೆ ಇದೆ, ಸತ್ತವರ ಸಾಲಿನಲ್ಲಿ.

ಎಂಗ್ ಸಿಯಾಂಗ್

*

ಮೆದಾನ್, 20 ಜನವರಿ 2008

ಟೀಚರ್,

ಉತ್ತರವಿಲ್ಲ. ಕಲ್ಲು ಹಾಗೇ ಇದೆಯೇ ಎಂದಾದರೂ ತಿಳಿಸಿ. ನಾನೇ ಬಂದು ನೋಡಿಕೊಂಡು ಹೋಗಬಲ್ಲೆ, ಆದರೆ ಅಪ್ಪನ ಸಮಾಧಿಗೆ ಕಳ್ಳನ ಹಾಗೆ ಹೋಗಲು ಮನಸ್ಸು ಬಾರದು. ಅಮ್ಮ ದಿನಾ ಅಂಚೆ ಕೇಳುತ್ತಾಳೆ. ನಾನು ದಿನಾ ಹಡಗು ತಡ ಎಂದು ಸುಳ್ಳು ಹೇಳುತ್ತೇನೆ.

ಸಿಯಾಂಗ್

*

ಮೆದಾನ್, 11 ಫೆಬ್ರವರಿ 2008

ಗಾಯಿಕ್ ಸಿಮ್,

ಬರೀತಿರೋದು ಮಗ, ಹೇಳ್ತಿರೋದು ನಾನು, ನಿನ್ನ ಚಿಕ್ಕಮ್ಮ. ನಮ್ಮ ಹೊಸ ವರ್ಷದ ಹಬ್ಬದ ಮೊದಲ ದಿನಗಳು ಕಳೀಲಿ ಅಂತ ಕಾದೆ, ಹಬ್ಬದಲ್ಲಿ ಸಾವಿನ ಮಾತು ಆಡಬಾರದು ನೋಡು.

ನನ್ನ ಸತ್ತಳು ಅಂತ ಬರೆದಿದೀಯಂತೆ. ಬರ್ಕೋ. ಬದುಕಿರೋರನ್ನ ಸತ್ರು ಅಂದ್ರೆ ಆಯಸ್ಸು ಹೆಚ್ಚುತ್ತೆ ಅಂತಾರೆ ಇಲ್ಲಿ. ಇಷ್ಟು ವರ್ಷ ಗಟ್ಟಿಯಾಗಿದ್ದೀನಲ್ಲ, ನಿಂದೇ ಪುಣ್ಯ ಇರ್ಬೇಕು. ನನ್ನ ಮಗನಿಗೆ ಕೋಪ, ನಂಗಿಲ್ಲ. ಸತ್ತಳು ಅಂತ ಹೇಳಿದ್ದು ನಿಮ್ಮಮ್ಮ ಇರ್ಬೇಕು. ಅವರ ಜಾಗದಲ್ಲಿ ನಾನಿದ್ದಿದ್ರೆ ಇನ್ನೂ ಬೇಗ ಸಾಯಿಸ್ತಿದ್ದೆ.

ನಿನ್ನ ನಾನು ಒಂದೇ ಸಲ ನೋಡಿರೋದು. ನಿಮ್ಮಪ್ಪ ನನ್ನ ಪೆನಾಂಗ್‌ಗೆ ಕರ್ಕೊಂಡು ಬಂದಾಗ. ಉದ್ದ ಜಡೆ, ಗಂಟು ಮುಖ. ನನ್ನ ಹೊಸ ಚಪ್ಪಲಿ ನೀನು ತಗೊಂಡೋಗಿ ಬಾವಿಗೆ ಹಾಕಿದ್ದೆ. ನಾನು ಬರಿಗಾಲಲ್ಲಿ ಹಡಗು ಹತ್ತಿದೆ ಕಣೇ.

ಆ ಜಾಗ ಮನೆಯವರೊಬ್ಬರಿಗೆ ಅಂತ ಬರೆದಿದ್ದೆಯಲ್ಲ, ಪ್ರತಿ ವರ್ಷ ಹುಲ್ಲು ಕಿತ್ತೋರಿಗೆ. ಅದ್ಯಾರು ಅಂತ ಮಗನಿಗೆ ತಿಳೀಲಿಲ್ಲ. ನಂಗೆ ತಿಳೀತು. ಮದುವೆ ಆಗದ ಹೆಣ್ಣಿಗೆ ಗಂಡನ ಕಡೆ ಸಮಾಧಿ ಇಲ್ಲ, ತವರಿನ ಕಡೆ ಕೊಡಲ್ಲ. ನೀನೇ ತಾನೇ ಅದು? ನಿನ್ನ ಅಪ್ಪನ ಪಕ್ಕ ಮಲಗ್ಬೇಕು ಅಂತ ನಿಂಗೂ ಆಸೆ ಇದೆ. ನಂಗೂ ಇದೆ. ಆ ಮನುಷ್ಯನ ಹತ್ರ ಯಾವಾಗ್ಲೂ ಜಾಗಕ್ಕೆ ಗಲಾಟೆನೇ.

ಹಾಗಾಗಿ ನಾನೊಂದು ಯೋಚನೆ ಮಾಡಿದೀನಿ. ನಂಗೆ ಶವಪೆಟ್ಟಿಗೆ ಬೇಡ. ಇಲ್ಲೇ ಸುಟ್ಟು ಬೂದೀನ ಒಂದು ಗಡಿಗೇಲಿ ತಂದಿಡಲಿ. ಗಡಿಗೆಗೆಷ್ಟು ಜಾಗ ಬೇಕು? ಉಳಿದಿದ್ದೆಲ್ಲ ನಿಂದು. ಕೈಕಾಲು ಚಾಚಿಕೊಂಡು ಮಲಕ್ಕೋ. ಚಪ್ಪಲಿ ಮಾತ್ರ ನನ್ನ ಕಡೆ ಬಿಡಬೇಡ.

ಅದಕ್ಕೆ ಮುಂಚೆ ಒಂದ್ಸಲ ಬಂದು ಅಲ್ಲಿ ಕೂತ್ಕೋಬೇಕು ಅಂತ ಆಸೆ. ಬರಲಾ?

ಸ್ವೀ ಖೆಂಗ್

*

ಪೆನಾಂಗ್, 28 ಫೆಬ್ರವರಿ 2008

ಚಿಕ್ಕಮ್ಮನವರಿಗೆ, ಸಿಯಾಂಗ್‌ಗೆ,

ಉತ್ತರ ಬರೆಯಲು ಇಷ್ಟು ದಿನ ಏಕಾಯಿತೆಂದರೆ, ಡಿಸೆಂಬರಿನ ಪತ್ರವನ್ನು ನಾನು ನಂಬಲಿಲ್ಲ. ಅಡುಗೆಮನೆಯ ಮಾತನ್ನು ಹಳೆಯ ಕೆಲಸದವಳಿಂದ ಕೇಳಿ ತಿಳಿದ ಯಾರೋ ಜಾಗಕ್ಕೆ ಹೊಂಚುತ್ತಿದ್ದಾನೆ ಎಂದೇ ತೀರ್ಮಾನಿಸಿದೆ. ಚಿಕ್ಕಮ್ಮನ ಪತ್ರ ಓದಿದ ಮೇಲೆ ನಾನೇ ಗುಡ್ಡ ಹತ್ತಿ ಕಲ್ಲಿನ ಮುಂದೆ ನಿಂತೆ. ಸಿಯಾಂಗ್ ಎರಡು ಸಲ ಕೇಳಿದರೂ ಹೇಳದೆ ಉಳಿಸಿಕೊಂಡಿದ್ದ ಉತ್ತರ ಇದು: ಆ ಹೆಸರು ಕೆಂಪು. ಮೊದಲಿನಿಂದಲೂ ಕೆಂಪು.

ನಾನು ಕುರುಡಿಯಲ್ಲ. ಪ್ರತಿ ವರ್ಷ ನೋಡುತ್ತಿದ್ದೆ. ಬಣ್ಣ ಮಾಸಿದಾಗಲೆಲ್ಲ ಅಮ್ಮ ಬಣ್ಣದವನ ತಲೆಯ ಮೇಲೆ ನಿಂತು "ಅದಕ್ಕೆ ಕೆಂಪು ಹಾಕಪ್ಪ, ಚಿನ್ನದ್ದು ತಾಗಿಸ್ಬೇಡ" ಎನ್ನುತ್ತಿದ್ದಳು. ಸತ್ತ ಸವತಿಗೆ ಚಿನ್ನದ ಮರ್ಯಾದೆ ಕೊಡಲೂ ಹೊಟ್ಟೆಕಿಚ್ಚು ಎಂದು ನಾನು ತಿಳಿದಿದ್ದೆ. ಅಮ್ಮ ತೀರಿಕೊಂಡ ಮೇಲೆ ಬಣ್ಣದವನು ಹಿಂದಿನಂತೆಯೇ ತುಂಬುತ್ತ ಬಂದ, ನಾನೂ ಸುಮ್ಮನಿದ್ದೆ. ಅಮ್ಮ ನಮಗೆ ಸುಳ್ಳು ಹೇಳಿದಳು. ಅಪ್ಪನ ಕಲ್ಲಿನ ಮುಂದೆ ನಿಂತು ಸುಳ್ಳು ಹೇಳಲು ಅವಳಿಂದ ಆಗಲಿಲ್ಲ. ನಾನು ಊರವರಿಗೆಲ್ಲ ಆಧಾರ ಕೇಳುವವಳು, ಕಣ್ಣೆದುರು ಕೆಂಪಾಗಿ ಇದ್ದ ಆಧಾರವನ್ನು ಓದಲಿಲ್ಲ. ನನಗೆ ಆ ಜಾಗ ಬೇಕಾಗಿತ್ತು. ನಾಚಿಕೆಯಾಗುತ್ತಿದೆ.

ಕಲ್ಲುಕುಟಿಗನಿಗೆ ಬೇಡ ಎಂದು ಹೇಳಿ ಕಳಿಸಿದ್ದೇನೆ.

ಏಪ್ರಿಲ್ ನಾಲ್ಕಕ್ಕೆ ಚೆಂಗ್ ಬೆಂಗ್. ಬನ್ನಿ. ಮಂಡಿ ನೋವಿನವರಿಗೆ ಮೆಟ್ಟಿಲು ಕಷ್ಟ, ಕುರ್ಚಿಯಲ್ಲಿ ಹೊರುವವರನ್ನು ಹೇಳಿಟ್ಟಿರುತ್ತೇನೆ. ಚಪ್ಪಲಿಯ ವಿಷಯಕ್ಕೆ ಬಂದರೆ, ಒಬ್ಬರ ನೆನಪನ್ನೇ ಆಧಾರವೆಂದು ಒಪ್ಪುವ ಪದ್ಧತಿ ನನ್ನಲ್ಲಿಲ್ಲ. ಎರಡನೆಯ ಸಾಕ್ಷಿ ಬೇಕು.

ಗಾಯಿಕ್ ಸಿಮ್

*

ಮೆದಾನ್, 15 ಮಾರ್ಚ್ 2008

ಅಕ್ಕ,

ಹಾಗೆ ಕರೆಯಬಹುದೇ? ಬೇಡವೆಂದರೆ ಟೀಚರ್ ಎಂದೇ ಓದಿಕೊಳ್ಳಿ.

ಏಪ್ರಿಲ್ ಎರಡನೆಯ ತಾರೀಖು ಹಡಗಿಗೆ ಹೊರಡುತ್ತೇವೆ. ನನ್ನ ಹೆಂಡತಿ ಹೇಳುತ್ತಾಳೆ, "ನಿಮ್ಮಕ್ಕ ಅಷ್ಟು ಬೇಗ ಒಪ್ಪಿದ್ದೇ ಅನುಮಾನ, ಹುಷಾರು." ನಾನು ಅವಳಿಗೆ ಬೈದೆ, ಆಮೇಲೆ ಸ್ವಲ್ಪ ಯೋಚಿಸಿದೆ. ನಮ್ಮ ಮನೆಯ ರಕ್ತವೇ ಹೀಗಿರಬೇಕು. ಅಮ್ಮ ಹೊಸ ಚಪ್ಪಲಿ ತೆಗೆದುಕೊಂಡಿದ್ದಾಳೆ. ಎರಡು ಜೊತೆ.

ಸಿಯಾಂಗ್

*

ಪೆನಾಂಗ್, 20 ಏಪ್ರಿಲ್ 2008

ತಮ್ಮ ಸಿಯಾಂಗ್‌ಗೆ,

ನೀವು ತಂದ ಜೇನುಗೂಡಿನಂಥ ಮೆದಾನ್ ಕೇಕು ನಿನ್ನೆಗೆ ಮುಗಿಯಿತು. ನಿನ್ನ ಹೆಂಡತಿಗೆ ಹೇಳು, ಅದರಲ್ಲಿ ವಿಷ ಇರಲಿಲ್ಲ, ನಾನು ಮೊದಲು ಪಕ್ಕದ ಮನೆಯವರಿಗೆ ಕೊಟ್ಟು ನೋಡಿದೆ.

ಅಂದು ನೀನು ಕಲ್ಲು ತೊಳೆಯಲು ನೀರು ತರುವುದಕ್ಕೆ ಕೆಳಗೆ ಹೋಗಿದ್ದಾಗ ನಡೆದದ್ದನ್ನು ಚಿಕ್ಕಮ್ಮ ನಿನಗೆ ಹೇಳಿರಲಾರರು. ಅವರು ಬಣ್ಣದವನ ಕೈಯಿಂದ ಕುಂಚ ಕಿತ್ತುಕೊಂಡು "ನನ್ನ ಹೆಸರು, ನಾನೇ ತುಂಬ್ತೀನಿ" ಎಂದರು. ಕೆಂಪು ಅಕ್ಷರದ ಹೊರಗೆಲ್ಲ ಹರಿಯಿತು. ಆಮೇಲೆ ಎಡಗಡೆ ಅಮ್ಮನ ಹೆಸರಿನ ಮೇಲೆ ಅಂಗೈ ಇಟ್ಟರು. "ಅಕ್ಕ, ಕೆಂಪು ಹಾಗೇ ಇಟ್ಟಿದ್ಯಲ್ಲ" ಎಂದರು, ಅಷ್ಟೇ. ನನಗೆ ಅಳು ತಡೆಯಲಾಗಲಿಲ್ಲ. ನೀನು ಬಂದಾಗ ಊದುಬತ್ತಿಯ ಹೊಗೆ ಕಣ್ಣಿಗೆ ಹೋಯಿತು ಎಂದು ನಾನು ಹೇಳಿದ್ದು ಸುಳ್ಳು.

ಆಮೇಲೆ ಅವರೇ ಬಣ್ಣದವನನ್ನು "ನನ್ನ ಹೆಸರಿನ ಪಕ್ಕ ಇನ್ನೊಂದು ಹೆಸರಿಗೆ ಜಾಗ ಆಗುತ್ತೇನಪ್ಪ?" ಎಂದು ಕೇಳಿದರು. ಅವನು ಗೇಣು ಹಾಕಿ ನೋಡಿ "ಅಕ್ಷರ ಸಣ್ಣದಾದ್ರೆ ಆಗುತ್ತೆ ಅಜ್ಜಿ" ಎಂದ. ಕಲ್ಲುಕುಟಿಗ ನಿನ್ನೆ ಬಂದು ಕೆತ್ತಿ ಹೋದ. ಅಕ್ಷರ ಸಣ್ಣದೇ, ಕೆಂಪು ಮಾತ್ರ ಒಳ್ಳೆಯದು ಹಾಕಿಸಿದೆ. ಬದುಕಿದ್ದಾಗಲೇ ಮನೆಯ ಕಲ್ಲಿನ ಮೇಲೆ ನನ್ನ ಹೆಸರು ನೋಡುತ್ತೇನೆ ಎಂದುಕೊಂಡಿರಲಿಲ್ಲ.

ಈ ವಿಷಯಗಳನ್ನು ಯಾರಿಗೂ ಹಂಚಬೇಡ. ನಮ್ಮ ನಿಯಮ ನಿನಗೆ ಗೊತ್ತಿದೆ.

ಇನ್ನು ನನ್ನ ಪುಟ. ಅದನ್ನು ತಿದ್ದಿದ್ದೇನೆ, ತೆರೆದು ನೋಡು. ಅಪ್ಪನ ಹೆಸರಿದೆ, ಅಮ್ಮನ ಹೆಸರಿದೆ. ಚಿಕ್ಕಮ್ಮನ ಹೆಸರನ್ನು ಅಳಿಸಿ ಅಲ್ಲಿ "ಜೀವಂತ" ಎಂದು ಹಾಕಿದ್ದೇನೆ. ಕೆಳಗೆ ಮಕ್ಕಳ ಸಾಲಿನಲ್ಲಿ ತೀರಿಹೋದ ತಮ್ಮನ ಹೆಸರು, ಅವನ ಪಕ್ಕ ಇಷ್ಟು ದಿನ ಒಂದೇ "ಜೀವಂತ" ಇತ್ತು. ಈಗ ಎರಡಿವೆ. ಯಾವುದು ನಾನು, ಯಾವುದು ನೀನು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಕೇಳಿಕೊಂಡು ಪತ್ರ ಬರೆದವರಿಗೆ ನಾನು ಹೇಳುವುದೂ ಇಲ್ಲ.

ನಿನ್ನ ಅಕ್ಕ,
ಗಾಯಿಕ್ ಸಿಮ್